ಅಮ್ಮ ಹೆಣೆದ ಸ್ವೆಟರ್‌ಗಳು: ಯಾವುದು ಉಳೀತು, ಯಾವುದು ಹೋಯ್ತು

ಸಕಲೇಶಪುರದ ಮನೆ ಖಾಲಿ ಮಾಡಿ ಅಮ್ಮನ್ನ ಬೆಂಗಳೂರಿಗೆ ನಮ್ಮ ಜೊತೆ ಕರ್ಕೊಂಡು ಬರೋದು ಅಂತ ಆದಾಗ ಮಂಚ, ಬೀರು, ಹಿತ್ತಾಳೆ ಹಂಡೆ ಎಲ್ಲದಕ್ಕೂ ಬೇಗ ಒಂದು ದಾರಿ ಆಯ್ತು. ಕೆಲಸ ನಿಂತಿದ್ದು ಉಲ್ಲನ್ ಬಟ್ಟೆಗಳ ಹತ್ರ. ಅಮ್ಮ ಮದುವೆಗೆ ಮುಂಚಿಂದಾನೂ ಹೆಣೆದಿದ್ದು, ಸ್ವೆಟರ್, ಮಂಕಿ ಕ್ಯಾಪ್, ಮಫ್ಲರ್, ಕುಲಾವಿ, ಶಾಲು, ಎರಡು ಟ್ರಂಕ್ ತುಂಬಾ ಇತ್ತು, ನಮ್ಮ ಫ್ಲ್ಯಾಟಲ್ಲಿ ಅರ್ಧ ಟ್ರಂಕಿಗೂ ಜಾಗ ಇಲ್ಲ. ದೀಪಾವಳಿ ಆದ್ಮೇಲೆ ಶುರು ಮಾಡಿದ ಕೆಲಸ ಶಿವರಾತ್ರಿ ಹೊತ್ತಿಗೆ ಮುಗೀತು. ಈಗ ಎಲ್ಲಾ ನೆನಪಲ್ಲಿ ಹಸಿಯಾಗಿರೋವಾಗ್ಲೇ ಬರೆದಿಡ್ತಿದೀನಿ, ಯಾಕಂದ್ರೆ ನಾನು ಹುಡುಕಿದಾಗ ಸೀರೆ ಹೆಂಗೆ ವಿಲೇವಾರಿ ಮಾಡೋದು, ಪುಸ್ತಕ ಎಲ್ಲಿ ಕೊಡೋದು ಅಂತೆಲ್ಲಾ ಸಿಕ್ತು, ಕೈಯಲ್ಲಿ ಹೆಣೆದ ಬಟ್ಟೆ ಬಗ್ಗೆ ಕನ್ನಡದಲ್ಲಿ ಏನೂ ಸಿಗ್ಲಿಲ್ಲ.

ಮಲೆನಾಡಿನ ಕಡೆಯವರಿಗೆ ಗೊತ್ತಿರುತ್ತೆ, ಮಳೆಗಾಲದಲ್ಲಿ ತಿಂಗಳುಗಟ್ಲೆ ಬಿಸಿಲು ಕಾಣಲ್ಲ, ಆಮೇಲೆ ನೇರ ಚಳಿ. ನಾವು ಚಿಕ್ಕವರಿದ್ದಾಗ ಪ್ರತಿ ಮನೇಲೂ ಯಾರಾದ್ರೊಬ್ಬರು ಮಧ್ಯಾಹ್ನ ಊಟ ಆದ್ಮೇಲೆ ಕಡ್ಡಿ ಹಿಡ್ಕೊಂಡು ಕೂರ್ತಿದ್ರು. ಆಮೇಲೆ ಚಳಿಗಾಲದಲ್ಲಿ ಟಿಬೆಟಿಯನ್ನರು ರಸ್ತೆ ಪಕ್ಕ ಸಾಲಾಗಿ ಸ್ವೆಟರ್ ಅಂಗಡಿ ಹಾಕೋಕೆ ಶುರು ಮಾಡಿದ್ರು, ಲುಧಿಯಾನದ ಮೆಷಿನ್ ಮಾಲು, ನಾವು ಬರೀ ಉಲ್ಲನ್‌ಗೆ ಕೊಡೋ ದುಡ್ಡಲ್ಲಿ ರೆಡಿ ಸ್ವೆಟರೇ ಸಿಗ್ತಿತ್ತು. ನಮ್ಮ ಬೀದೀಲಿ ಒಬ್ಬೊಬ್ಬರೇ ಹೆಣೆಯೋದು ಬಿಟ್ರು. ಅಮ್ಮ ಬಿಡ್ಲಿಲ್ಲ. ಸಂಧಿವಾತ ಬಂದು ಬೆರಳು ಮಡಚೋಕೇ ಆಗದೆ ಹೋದ್ಮೇಲೆ ಕಡ್ಡಿ ಕೆಳಗಿಟ್ರು.

ಮೊದಲನೇ ಮಾತು, ಹೆಣೆದವರು ಇನ್ನೂ ಇದ್ದಾರೆ ಅಂದ್ರೆ ಅವರು ಇರೋವಾಗ್ಲೇ ಈ ಕೆಲಸ ಮಾಡಿ, ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ. ಮತ್ತೆ ಟ್ರಂಕಿಗೆ ಕೈ ಹಾಕೋ ಮುಂಚೆ ಅವರ ನೋಟ್‌ಬುಕ್ ಹುಡುಕಿ. ಹೆಣೆಯೋರ ಹತ್ರ ಬಹಳಷ್ಟು ಸಲ ಒಂದು ಇರುತ್ತೆ. ಅಮ್ಮಂದು ಎಸ್ಟೇಟಿನ ಹಳೇ ಲೆಕ್ಕದ ಪುಸ್ತಕ, ಒಂದು ಕಡೆ ಕಾಫಿ ಮೂಟೆ ಲೆಕ್ಕ, ಹಿಂದಿನಿಂದ ತಿರುಗಿಸಿದ್ರೆ ಸ್ವೆಟರ್ ಲೆಕ್ಕ. ಯಾರಿಗೆ, ಯಾವ ಇಸವಿ, ಎದೆ ಎಷ್ಟು, ತೋಳು ಎಷ್ಟು, ಎಷ್ಟು ಔನ್ಸ್ ಉಲ್ಲನ್, ಯಾವ ನಂಬರ್ ಕಡ್ಡಿ. ಈಗಿನವರಿಗೆ ಅರ್ಥ ಆಗೋಕೆ ಹೇಳ್ತೀನಿ, ಒಂದು ಔನ್ಸ್ ಅಂದ್ರೆ ಸುಮಾರು 28 ಗ್ರಾಂ. ಕಡ್ಡಿ ನಂಬರ್ ಹಳೇ ಇಂಗ್ಲಿಷ್ ಅಳತೆ, ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ, 12 ನಂಬರ್ ಅಂದ್ರೆ 2.75 ಮಿಲಿಮೀಟರ್, 10 ನಂಬರ್ ಅಂದ್ರೆ 3.25. ಈ ಪುಸ್ತಕ ಸಿಗದೇ ಇದ್ದಿದ್ರೆ ನೀಲಿ ಸ್ವೆಟರ್ ದೊಡ್ಡಣ್ಣಂದಾ ಚಿಕ್ಕಣ್ಣಂದಾ ಅಂತ ಜಗಳ ಆಡ್ಕೊಂಡು ಕೂತಿರ್ತಿದ್ವಿ. ಮೊದಲು ಎಲ್ಲಾ ಪುಟದ್ದೂ ಫೋಟೋ ತಗೊಂಡೆ.

ಟ್ರಂಕ್ ತೆಗೆದ ತಕ್ಷಣ ನುಸಿ ಗುಳಿಗೆ ವಾಸನೆ, ಅದರ ಹಿಂದೆ ಬೂಷ್ಟಿನ ವಾಸನೆ. ಒಂದೊಂದನ್ನೇ ಹಾಸಿಗೆ ಮೇಲೆ ಹರಡಿದ್ವಿ. ಆವತ್ತು ನಾನು ಏನೂ ತೀರ್ಮಾನ ಮಾಡೋ ಸ್ಥಿತೀಲಿ ಇರ್ಲಿಲ್ಲ. ಅಪ್ಪನ ಕಂದು ಬಣ್ಣದ ಫುಲ್ ತೋಳಿನ ಸ್ವೆಟರ್ ಕೈಗೆ ಬಂದಾಗ ಅದನ್ನ ಮುಖಕ್ಕೆ ಒತ್ಕೊಂಡು ಸುಮ್ನೆ ಕೂತ್ಬಿಟ್ಟೆ, ಬರೀ ಗುಳಿಗೆ ವಾಸನೇನೇ ಇತ್ತು, ಆದ್ರೂ. ಅಮ್ಮ ನೋಡಿದ್ರು, ಏನೂ ಅನ್ಲಿಲ್ಲ. ಮೊದಲನೇ ದಿನ ನೋಡೋಕೆ ಅಂತಾನೇ ಇಟ್ಕೊಳ್ಳಿ, ಅಂದೇ ವಿಂಗಡಿಸೋಕೆ ಹೋಗ್ಬೇಡಿ.

ಯಾವುದು ಯಾವ ದಾರ ಅಂತ ತಿಳ್ಕೊಳ್ಳೋದು ಮುಂದಿನ ಕೆಲಸ, ಒಗೆಯೋದು, ಕೊಡೋದು, ಬಿಚ್ಚೋದು ಎಲ್ಲಾ ಇದರ ಮೇಲೆ ನಿಂತಿದೆ. ನಮ್ಮಲ್ಲಿ ಎಲ್ಲಾದಕ್ಕೂ ಉಲ್ಲನ್ ಅಂತೀವಿ, ಆದ್ರೆ ಒಂದು ಕಾಲದಲ್ಲಿ ಎಲ್ಲರೂ ಇಷ್ಟಪಟ್ಟು ತರ್ತಿದ್ದ ಕ್ಯಾಶ್ಮಿಲಾನ್ ಇದೆಯಲ್ಲ, ಅದು ಕುರಿ ಉಣ್ಣೆ ಅಲ್ಲ, ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್ ಜಾತಿಯ ಕೃತಕ ದಾರ. ಒಳಗಡೆ ಹೊಲಿಗೆ ಹತ್ರ ಒಂದು ಎಳೆ ಕತ್ತರಿಸಿ, ಅಂಗಳದಲ್ಲಿ ಚಿಮಟದಲ್ಲಿ ಹಿಡ್ಕೊಂಡು ಬೆಂಕಿ ತಾಗಿಸಿ ನೋಡಿ. ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೆಂಕಿಯಿಂದ ಆಚೆ ತೆಗೆದ್ರೆ ತಾನೇ ಆರುತ್ತೆ, ಬೂದಿ ಬೆರಳಲ್ಲಿ ಪುಡಿ ಆಗುತ್ತೆ. ಅಕ್ರಿಲಿಕ್ ಆದ್ರೆ ಕರಗಿ ಕರಗಿ ಉರಿಯುತ್ತೆ, ಕೊನೇಲಿ ಕಪ್ಪಗೆ ಗಟ್ಟಿ ಮಣಿ ಥರ ಉಳಿಯುತ್ತೆ, ಬಿಸಿ ಇರೋವಾಗ ಮುಟ್ಬೇಡಿ. ನಾವು ಶುದ್ಧ ಉಣ್ಣೆ ಅಂತ ವರ್ಷಗಟ್ಲೆ ಜೋಪಾನ ಮಾಡಿದ್ದ ಎಷ್ಟೋ ಸ್ವೆಟರ್ ಅಕ್ರಿಲಿಕ್ ಅಂತ ಅವತ್ತು ಗೊತ್ತಾಯ್ತು. ಅಮ್ಮಂಗೆ ಇದರಿಂದ ಬೇಜಾರೇನೂ ಆಗ್ಲಿಲ್ಲ, ಮಳೆನಾಡಲ್ಲಿ ಬೇಗ ಒಣಗ್ತಿತ್ತು ಅದಕ್ಕೇ ತರ್ತಿದ್ದೆ ಅಂದ್ರು.

ನುಸಿ ತಿನ್ನೋದು ಉಣ್ಣೆಯನ್ನ, ಅಕ್ರಿಲಿಕ್‌ನ ಅದು ಅರಗಿಸ್ಕೊಳ್ಳೋಕೆ ಆಗಲ್ಲ. ಹಾರಾಡೋ ಚಿಟ್ಟೆ ತಿನ್ನಲ್ಲ, ಅದರ ಮರಿ ಹುಳ ತಿನ್ನೋದು, ಅದೂ ಬೆವರು, ಎಣ್ಣೆ, ಊಟದ ಕಲೆ ಇರೋ ಜಾಗಾನೇ ಹುಡುಕ್ಕೊಂಡು ತಿನ್ನುತ್ತೆ, ಅದಕ್ಕೇ ತೂತು ಹೆಚ್ಚಾಗಿ ಕತ್ತಿನ ಹತ್ರ, ಎದೆ ಮೇಲೆ ಇರುತ್ತೆ. ತೂತು ಕಂಡ ಉಣ್ಣೆ ಬಟ್ಟೆ ಎಲ್ಲಾ ಫ್ರೀಜರ್‌ಗೆ ಹೋಗ್ಬೇಕು. ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಟ್ರೆ ಮೊಟ್ಟೆ ಸಮೇತ ಸಾಯುತ್ತೆ. ಆಚೆ ತೆಗೆದ ಮೇಲೆ ಕವರ್ ತಕ್ಷಣ ಬಿಚ್ಬಾರ್ದು, ರೂಮಿನ ಬಿಸಿಗೆ ಬರೋವರ್ಗೂ ಬಿಡ್ಬೇಕು, ಇಲ್ದಿದ್ರೆ ಬಟ್ಟೆ ಮೇಲೆ ನೀರು ಕೂರುತ್ತೆ. ಊರಲ್ಲಿ ಕರೆಂಟ್ ನಂಬೋಕಾಗಲ್ಲ ಅಂತ ಕವರ್‌ಗಳನ್ನ ಕಟ್ಕೊಂಡು ಬೆಂಗಳೂರಿಗೆ ತಂದೆ, ನಮ್ಮ ಫ್ರೀಜರಲ್ಲಿ ಒಂದು ಸಲಕ್ಕೆ ಹಿಡಿಸೋದು ಎರಡು ಮೂರು ಸ್ವೆಟರ್ ಅಷ್ಟೆ. ಬ್ಯಾಚ್ ಮೇಲೆ ಬ್ಯಾಚ್, ಒಂದೊಂದಕ್ಕೂ ಎರಡು ವಾರ. ಇಡೀ ಕೆಲಸ ಇಷ್ಟು ದಿನ ಎಳೆದಿದ್ದಕ್ಕೆ ದೊಡ್ಡ ಕಾರಣ ಇದೇ. ಪಕ್ಕದ ಮನೆಯವರು ಅವರ ಡೀಪ್ ಫ್ರೀಜರಲ್ಲಿ ಒಂದು ಖಾನೆ ಬಿಟ್ಟುಕೊಟ್ರು, ಆಮೇಲೆ ಸ್ವಲ್ಪ ವೇಗ ಬಂತು.

ಒಗೆಯೋಕೆ ಡ್ರೈಕ್ಲೀನ್ ಅಂಗಡೀಲಿ ಕೇಳಿದೆ, ಒಂದು ಸ್ವೆಟರಿಗೆ ಇನ್ನೂರೈವತ್ತು ರೂಪಾಯಿ ಅಂದ್ರು, ಕೈಯಲ್ಲಿ ಹೆಣೆದಿದ್ದಾದ್ರೆ ಏನಾದ್ರೂ ಆದ್ರೆ ನಮ್ಮ ಜವಾಬ್ದಾರಿ ಅಲ್ಲ ಅಂತ ಚೀಟಿ ಮೇಲೆ ಬರೆದೂ ಕೊಟ್ರು. ವಾಪಸ್ ತಂದೆ. ಅಮ್ಮ ಅಂಟುವಾಳದ ಕಾಯಿ ತರಿಸಿ ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ ನೊರೆ ತೆಗೆಸಿದ್ರು, ರೇಷ್ಮೆ ಸೀರೆಗೆ, ಉಣ್ಣೆಗೆ ಹಿಂದಿಂದಾನೂ ಇದೇ ನಡೀತಿತ್ತು. ಉಗುರುಬೆಚ್ಚಗಿನ ನೀರು, ಉಜ್ಜೋದಿಲ್ಲ, ಹಿಂಡೋದಿಲ್ಲ, ಬರೀ ಅದುಮೋದು. ದಪ್ಪ ಟವೆಲಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಲ್ಲಿ ಮಲಗಿಸಿ ಒಣಗಿಸ್ಬೇಕು. ಹಗ್ಗದ ಮೇಲೆ ಹಾಕಿದ್ರೆ ನೀರಿನ ಭಾರಕ್ಕೆ ತೋಳು ಮೊಣಕಾಲಿನ ತನಕ ಇಳಿಯುತ್ತೆ. ಖರ್ಚು ಅಂಟುವಾಳಕ್ಕೆ ನೂರು ರೂಪಾಯಿ ಒಳಗೆ ಆಯ್ತು.

ಇನ್ನು ಅಸಲಿ ವಿಷಯ. ಫೋಟೋಗಳನ್ನ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಯಾರಿಗೆ ಯಾವುದು ಬೇಕು ಹೇಳಿ ಅಂತ. ಹಾರ್ಟ್ ಬಂತು, ಅಳೋ ಮುಖ ಬಂತು, ಹಳೇ ಕಥೆಗಳು ಬಂದ್ವು, "ಅಯ್ಯೋ ಒಂದನ್ನೂ ಬಿಸಾಡ್ಬೇಡ ಕಣೇ" ಅಂತ ಎಲ್ಲರೂ ಅಂದ್ರು, ಬೇಕು ಅಂತ ಯಾರೂ ಅನ್ಲಿಲ್ಲ. ಕೊಡಬೇಡ ಅನ್ನೋರು ಇಟ್ಕೊಳ್ಳೋಕೂ ತಯಾರಿಲ್ಲ, ಈ ಇಕ್ಕಟ್ಟು ಎಲ್ಲಾ ಮನೇಲೂ ಬರುತ್ತೆ ಅನ್ಸುತ್ತೆ. ಆಮೇಲೆ ಒಂದು ನಿಯಮ ಹಾಕ್ದೆ, ಬಿಡ್ಬೇಡ ಅನ್ನೋರು ತಮ್ಮ ವಿಳಾಸ ಕಳಿಸ್ಬೇಕು, ಸಂಕ್ರಾಂತಿ ತನಕ ಟೈಮು. ಮೂರು ವಿಳಾಸ ಬಂತು. ಉಳಿದವರು ಫೋಟೋ ಸಾಕು ಅಂದ್ರು, ಅದೂ ನಿಜವಾದ ಉತ್ತರಾನೇ, ಅದರಲ್ಲಿ ತಪ್ಪೇನಿಲ್ಲ.

ಅಮ್ಮನ ಪ್ರಶ್ನೆ ಒಂದೇ ಇತ್ತು, ಪ್ರತಿ ಸ್ವೆಟರಿಗೂ ಅದೇ. "ಇದನ್ನ ಇನ್ಮೇಲೆ ಯಾರು ಹಾಕ್ಕೋತಾರೆ, ಹೆಸರು ಹೇಳು. ಹೆಸರಿಲ್ಲ ಅಂದ್ರೆ ಕೊಡು, ಕೊಡೋ ಹಾಗಿಲ್ಲ ಅಂದ್ರೆ ಬಿಚ್ಚು." ನಾನು, ಅಮ್ಮ ಎಷ್ಟು ಕಷ್ಟಪಟ್ಟು ಹೆಣೆದಿದ್ದು, ಎಂಥಾ ಡಿಸೈನು, ಯಾವ ಹಬ್ಬಕ್ಕೆ ಹಾಕ್ಕೊಂಡಿದ್ದು ಅಂತೆಲ್ಲಾ ಹೇಳ್ತಿದ್ದೆ. ಅವರಿಗೆ ಅದು ಲೆಕ್ಕಕ್ಕೇ ಇಲ್ಲ. ಹೆಣೆಯೋವಾಗ ಪ್ರತಿ ಸಾಲಲ್ಲೂ ಒಬ್ಬರ ಮೈ ಅಳತೆ ಮನಸ್ಸಲ್ಲಿಟ್ಕೊಂಡು ಹೆಣೆದವರಿಗೆ ಆ ಬಟ್ಟೆ ಟ್ರಂಕಲ್ಲಿ ಮಲಗಿರೋದು ನೋಡಿದ್ರೇನೇ ಸಂಕಟ ಅಂತೆ. ಇದು ನನಗೆ ನಿಧಾನಕ್ಕೆ ಅರ್ಥ ಆಯ್ತು, ಅರ್ಥ ಆದ್ಮೇಲೆ ಕೈ ಹಗುರಾಯ್ತು.

ಹೆಸರು ಸಿಕ್ಕಿದ್ದು ಯಾವುದಕ್ಕೆ ಅಂದ್ರೆ, ಅಪ್ಪನ ಕಂದು ಸ್ವೆಟರಿಗೆ. 1979 ಅಂತ ಪುಸ್ತಕದಲ್ಲಿದೆ, 16 ಔನ್ಸ್, ಮುಂದೆ ಎರಡು ಕಡೆ ಜಡೆ ಡಿಸೈನು, ಶುದ್ಧ ಉಣ್ಣೆ. ನನ್ನ ಮಗ ಹಾಕ್ಕೊಂಡು ನೋಡ್ದ, ಭುಜ ಅಚ್ಚುಕಟ್ಟಾಗಿ ಕೂತಿತು, ಬಿಚ್ಚಲೇ ಇಲ್ಲ, ಅದನ್ನೇ ಹಾಕ್ಕೊಂಡು ಕಾಲೇಜಿಗೆ ಹೋದ. ಮೊಣಕೈ ತೂತನ್ನ ನಾನೇ ರಫೂ ಮಾಡ್ದೆ. ನನ್ನ ಕೆಂಪು ಕಾರ್ಡಿಗನ್‌ಗೆ ಮಾತ್ರ ಹೆಸರು ಸಿಗ್ಲಿಲ್ಲ. ನಾನು ಮೈಸೂರಿಗೆ ಹಾಸ್ಟೆಲಿಗೆ ಹೋಗೋವಾಗ ಅಮ್ಮ ಹೆಣೆದುಕೊಟ್ಟಿದ್ದು. ನನಗೆ ಈಗ ಬಟನ್ ಹಾಕೋಕಾಗಲ್ಲ, ಮಗಳಿಗೆ ಉಣ್ಣೆ ತಾಗಿದ್ರೆ ಮೈ ಕೆರೆಯುತ್ತೆ. ನಾಲ್ಕೈದು ಸಲ ಇಟ್ಕೊಳ್ಳೋ ರಾಶಿಗೆ ಹಾಕಿ ತೆಗೆದು ಹಾಕಿ ತೆಗೆದು, ಕೊನೆಗೆ ನಮ್ಮ ಎಸ್ಟೇಟಿನ ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಒಬ್ಬ ಹುಡುಗಿಗೆ ಹೋಯ್ತು, ಹಾಸನದಲ್ಲಿ ನರ್ಸಿಂಗ್ ಓದೋಕೆ ಸೇರಿದ್ಲು, ಬೆಳಿಗ್ಗೆ ಆರಕ್ಕೇ ಬಸ್ಸು ಹಿಡೀಬೇಕು. ಕೊಟ್ಟ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಆ ನೋವು ನಿಜ, ಅದನ್ನ ಇಲ್ಲ ಅಂತ ಹೇಳಲ್ಲ. ಅದಕ್ಕೋಸ್ಕರ ಹೇಳ್ತಿದೀನಿ, ತುಂಬಾ ಹತ್ತಿರದ ಬಟ್ಟೆಯನ್ನ ಗುರುತಿರೋ ಒಬ್ಬರಿಗೆ ಕೊಡಿ, ಡಬ್ಬಕ್ಕೆ ಹಾಕಿ ಬರ್ಬೇಡಿ.

ಕೊಡೋದು ಅಷ್ಟು ಸುಲಭಾನೂ ಅಲ್ಲ. ಒಂದು ಬಟ್ಟೆ ಸಂಗ್ರಹ ಕೇಂದ್ರದಲ್ಲಿ ಸ್ವೆಟರಿಗೆ ಸೈಜ್ ಲೇಬಲ್ ಇಲ್ಲ, ವಿಂಗಡಿಸೋಕಾಗಲ್ಲ ಅಂತ ವಾಪಸ್ ಕಳಿಸಿದ್ರು. ಬೇಸರ ಆಯ್ತು, ಆದ್ರೆ ಮನೆಗೆ ಬಂದು ಯೋಚಿಸಿದ್ರೆ ಅದು ಸರಿಪಡಿಸಬಹುದಾದ ವಿಷಯ. ಹತ್ತಿ ಟೇಪ್ ತಂದು ಸಣ್ಣ ತುಂಡು ಮಾಡಿ, ಪರ್ಮನೆಂಟ್ ಪೆನ್ನಲ್ಲಿ "ಎದೆ 34, ಉಣ್ಣೆ, ತಣ್ಣೀರಲ್ಲಿ ಕೈಯಲ್ಲಿ ಒಗೆಯಿರಿ" ಅಂತ ಬರೆದು ಪ್ರತಿಯೊಂದರ ಕತ್ತಿನ ಒಳಗೆ ಹೊಲಿದೆ. ಇದೊಂದು ಮಾಡಿದ್ಮೇಲೆ ಎಲ್ಲೂ ತೊಂದರೆ ಬರ್ಲಿಲ್ಲ.

ವೃದ್ಧಾಶ್ರಮಕ್ಕೆ ಫೋನ್ ಮಾಡಿ ಕೇಳಿದೆ, ಅಲ್ಲಿ ಕೆಲಸ ಮಾಡೋ ಅಮ್ಮ ಒಬ್ಬರು ಹೇಳಿದ್ದು ನನಗೆ ಹೊಳೆದೇ ಇರ್ಲಿಲ್ಲ. ತಲೆ ಮೇಲಿಂದ ಹಾಕ್ಕೊಳ್ಳೋ ಸ್ವೆಟರ್ ಬೇಡ, ವಯಸ್ಸಾದವರು ಕೈ ಎತ್ತೋಕಾಗಲ್ಲ, ಮುಂದೆ ತೆಗೆಯೋ ಹಾಗಿರೋದು, ದೊಡ್ಡ ಬಟನ್ ಇರೋದು ತನ್ನಿ, ಕಾಲಿಗೆ ಸಾಕ್ಸ್, ಹೆಗಲಿಗೆ ಶಾಲು ಇದ್ರೆ ಇನ್ನೂ ಒಳ್ಳೇದು ಅಂದ್ರು. ಕಾರ್ಡಿಗನ್‌ಗಳ ಸಣ್ಣ ಬಟನ್ ತೆಗೆದು ದೊಡ್ಡದು ಹಾಕಿ, ತೂತು ಹಿಗ್ಗಿಸಿ ಅಂಚು ಹೊಲಿದು ಕೊಟ್ವಿ. ಬಟನ್‌ಗೆ ಚಿಕ್ಕಪೇಟೆಯಲ್ಲಿ ಮುನ್ನೂರು ಚಿಲ್ಲರೆ ಆಯ್ತು.

ಅಕ್ರಿಲಿಕ್ ಸ್ವೆಟರ್ ಬಹಳಷ್ಟು ಊರಲ್ಲೇ ಹೋಯ್ತು. ಈಗ ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳು ಕೆಲಸ ಮಾಡ್ತಿವೆ, ಡಿಸೆಂಬರ್ ಬೆಳಿಗ್ಗೆ ಕಾಫಿ ಕೊಯ್ಲಿಗೆ ಹೋಗೋವಾಗ ಮಕ್ಕಳ ಮೈಮೇಲೆ ಒಂದು ತೆಳು ಟವೆಲ್ ಅಷ್ಟೇ ಇರುತ್ತೆ. ಗಂಟು ಕಟ್ಟಿ ಕೊಡೋ ಬದಲು ಅಂಗಳದಲ್ಲಿ ಹಗ್ಗ ಕಟ್ಟಿ ಎಲ್ಲಾ ನೇತುಹಾಕಿ ಬೇಕಾದ್ದು ತಗೊಳ್ಳಿ ಅಂದ್ವಿ. ಅಂಗಡೀಲಿ ಆರಿಸೋ ಹಾಗೆ ಆರಿಸಿದ್ರು, ಬಣ್ಣ ನೋಡಿದ್ರು, ಅಳತೆ ನೋಡಿದ್ರು, ಬೇಡದ್ದನ್ನ ಬೇಡ ಅಂತ ಬಿಟ್ರು. ಮನೆಯವರಿಗೆ ಶುದ್ಧ ಉಣ್ಣೆ ಅಂದ್ರೇನೇ ಗೌರವ, ಆದ್ರೆ ಒಗೆಯೋಕೆ ಸುಲಭ, ಬೇಗ ಒಣಗೋದು ಅಂದ್ರೆ ಅಕ್ರಿಲಿಕ್ಕೇ, ಅಲ್ಲಿ ಅದೇ ಉಪಯೋಗದ್ದು. ಒಲೆ ಮುಂದೆ ಹಾಕ್ಕೊಳ್ಳಬಾರದು, ಬೆಂಕಿ ತಾಗಿದ್ರೆ ಕರಗಿ ಮೈಗೆ ಅಂಟುತ್ತೆ ಅಂತ ಪ್ರತಿಯೊಬ್ಬರಿಗೂ ಹೇಳಿದ್ವಿ. ನೀವೂ ದಯವಿಟ್ಟು ಹೇಳಿ.

ಉಳಿದ ದೊಡ್ಡವರ ಸ್ವೆಟರ್‌ಗಳು ಗೂಂಜ್‌ಗೆ. 1999ರಲ್ಲಿ ದೆಹಲಿಯಲ್ಲಿ ಶುರುವಾದ ಸಂಸ್ಥೆ, ಬೆಂಗಳೂರಲ್ಲೂ ಕೊಡಬಹುದು, ಹೋಗೋ ಮುಂಚೆ ಏನು ತಗೋತಾರೆ, ಯಾವಾಗ ತಗೋತಾರೆ ಕೇಳ್ಕೊಳ್ಳಿ. ಊರಿನವರು ಸೇರಿ ಬಾವಿ, ರಸ್ತೆ ಥರದ ಕೆಲಸ ಮಾಡಿದ್ದಕ್ಕೆ ಪ್ರತಿಯಾಗಿ ಬಟ್ಟೆ ಕೊಡೋ ಅವರ ಪದ್ಧತಿ ಅಮ್ಮಂಗೆ ತುಂಬಾ ಹಿಡಿಸ್ತು. ಇನ್ನೊಂದು, 80ಜಿ ರಸೀದಿ ಸಿಗುತ್ತಾ ಅಂತ ಅಣ್ಣ ಕೇಳ್ತಿದ್ದ, ವಸ್ತು ಕೊಟ್ರೆ ತೆರಿಗೆ ವಿನಾಯಿತಿ ಇಲ್ಲ, ದುಡ್ಡು ಕೊಟ್ರೆ ಮಾತ್ರ.

ಮಗುವಿನ ಬಟ್ಟೆ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ. ಅಣ್ಣನ ಮಗಳಿಗೆ ಹೆರಿಗೆ ಹತ್ತಿರ ಇತ್ತು, ಅಮ್ಮನ ಹಳದಿ ಬಿಳಿ ಸೆಟ್ಟು, ಕುಲಾವಿ, ಜಾಕೆಟ್, ಕಾಲುಚೀಲ, ಅದಕ್ಕೇ ಅಂತ ಎಲ್ಲರ ಮನಸ್ಸಲ್ಲಿ. ಅವಳ ಮಕ್ಕಳ ಡಾಕ್ಟರ್ ಕೇಳಿದ್ದು ಒಂದೇ, ನುಸಿ ಗುಳಿಗೆ ಜೊತೆ ಇಟ್ಟಿದ್ದಾ ಅಂತ. ಗುಳಿಗೇಲಿರೋ ನ್ಯಾಫ್ಥಲೀನ್ ಬಟ್ಟೇಲಿ ಸೇರ್ಕೊಂಡಿರುತ್ತೆ, ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ ಅದರಿಂದ ಕೆಂಪು ರಕ್ತಕಣ ಒಡೆದು ಜಾಂಡೀಸ್ ಜೋರಾಗಬಹುದು, ಆ ಕೊರತೆ ಇದೆಯೋ ಇಲ್ವೋ ಹುಟ್ಟಿದ ತಕ್ಷಣ ಮನೆಯವರಿಗೆ ಗೊತ್ತಿರಲ್ಲ. ನಮ್ಮಲ್ಲಿ ಬಾಣಂತಿ ಕೋಣೆಗೆ ಹಳೇ ಟ್ರಂಕಿಂದ ನೇರವಾಗಿ ಬಟ್ಟೆ ತೆಗೆಯೋ ರೂಢಿ ಇದೆ, ದಯವಿಟ್ಟು ಹಾಗೆ ಮಾಡ್ಬೇಡಿ. ಆ ಸೆಟ್ಟನ್ನ ಸುಮಾರು ಸಲ ಒಗೆದು ವಾರಗಟ್ಲೆ ಗಾಳಿಗೆ ಹಾಕಿದ್ವಿ, ಆದ್ರೂ ಎಳೇ ಕೂಸಿಗೆ ಹಾಕ್ಲಿಲ್ಲ. ಕಾಲುಚೀಲ, ಕೈಚೀಲದ ಒಳಗಡೆ ಬಿಟ್ಟಿರೋ ದಾರದ ತುದಿ ನೋಡಿ, ಮಗುವಿನ ಬೆರಳಿಗೆ ಸುತ್ಕೊಂಡು ರಕ್ತ ನಿಲ್ಲಿಸಿಬಿಡುತ್ತೆ, ಒಳಗನ್ನ ಹೊರಗೆ ತಿರುಗಿಸಿ ಎಲ್ಲಾ ತುದಿ ಕಟ್ ಮಾಡಿ. ಒಂದು ಆಸ್ಪತ್ರೆಗೂ ಕೇಳಿದ್ದೆ, ಉಪಯೋಗಿಸಿದ ಉಲ್ಲನ್ ತಗೊಳ್ಳಲ್ಲ, ಹತ್ತಿ ಟೋಪಿ ಹೊಸದು ಆದ್ರೆ ಮಾತ್ರ ಅಂದ್ರು. ಸರಿಯಾದ ಮಾತೇ.

ಬಿಚ್ಚೋ ರಾಶೀಲಿ ಮೊದಲು ಬಂದಿದ್ದು ಅಮ್ಮ ಮದುವೆಗೆ ಮುಂಚೆ ಕಲಿಯೋವಾಗ ಹೆಣೆದಿದ್ದ ಹಸಿರು ಸ್ವೆಟರ್. ಸೀದಾ ಉಲ್ಟಾ ತಪ್ಪಿರೋದು, ಒಂದು ತೋಳು ಉದ್ದ. ಇದನ್ನ ಬಿಡಲ್ಲ, ನಿನ್ನ ಮೊದಲನೇದು ಅಂತ ನಾನು ಹಟ ಹಿಡಿದೆ. ಅಮ್ಮ ಕತ್ತರಿ ತಗೊಂಡು ಪಕ್ಕದ ಹೊಲಿಗೆ ಬಿಡಿಸೋಕೇ ಶುರು ಮಾಡಿದ್ರು, ಇಡೀ ಟ್ರಂಕಲ್ಲಿ ಇದರಷ್ಟು ಒಳ್ಳೇ ಉಣ್ಣೆ ಇನ್ನೊಂದಿಲ್ಲ, ಸುಮ್ನೆ ಯಾಕೆ ಕೊಳೆಸ್ತೀಯಾ ಅಂದ್ರು. ಹೆಣೆದವರ ಮಾತೇ ಕೊನೇದು ಅಂತ ನಾನು ಒಪ್ಕೊಂಡೆ. ಬಿಚ್ಚೋ ಕ್ರಮ ಹೇಳ್ತೀನಿ: ಮೊದಲು ಪಕ್ಕ ಮತ್ತು ಭುಜದ ಹೊಲಿಗೆ ತೆಗೆದು ಭಾಗ ಬೇರೆ ಮಾಡಿ, ಮುಗಿಸಿದ ತುದಿಯಿಂದ, ಅಂದ್ರೆ ಕತ್ತಿನ ಕಡೆಯಿಂದ ಎಳೆಯಿರಿ, ಕೆಳಗಿನ ಬಾರ್ಡರ್ ಕಡೆಯಿಂದ ಎಳೆದ್ರೆ ಬರಲ್ಲ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ ಬೆಚ್ಚಗಿನ ನೀರಲ್ಲಿ ನೆನೆಸಿ ನೇತುಹಾಕಿದ್ರೆ ಸುರುಳಿ ಹೋಗುತ್ತೆ. ಕಂಕುಳ ಹತ್ರ ಒಗೆದು ಒಗೆದು ಉಣ್ಣೆ ಒಂದಕ್ಕೊಂದು ಅಂಟಿ ಕಂಬಳಿ ಥರ ಆಗಿದ್ರೆ ಅದು ಬಿಚ್ಚಲ್ಲ, ಅಷ್ಟು ಕತ್ತರಿಸಿ ಬಿಡಿ. ಅಂಥಾ ತುಂಡು, ತೀರಾ ತೂತಾದವು ಹಳೇ ಬಟ್ಟೆ ಕೊಳ್ಳೋರಿಗೆ ಹೋದ್ವು, ದೇಶದ ಹಳೇ ಉಲ್ಲನ್ ತುಂಬಾ ಕೊನೆಗೆ ಸೇರೋದು ಹರಿಯಾಣದ ಪಾಣಿಪತ್‌ಗೆ, ಅಲ್ಲಿ ಅದನ್ನ ಸಿಗಿದು ಮತ್ತೆ ನೂಲು ಮಾಡಿ ಕಂಬಳಿ ನೇಯ್ತಾರೆ.

ಇಟ್ಕೊಂಡಿದ್ದು ಈಗ ಒಂದು ಸೂಟ್‌ಕೇಸಲ್ಲಿ ಹಿಡಿಸುತ್ತೆ. ಒಗೆದು ಪೂರ್ತಿ ಒಣಗಿಸಿ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ಗುಳಿಗೆ ಇಲ್ದೆ, ಲಾವಂಚದ ಬೇರು, ಬಜೆ ಹಾಕಿದೀವಿ. ವಾಸನೆಯಿಂದಾನೇ ನುಸಿ ಪೂರ್ತಿ ನಿಲ್ಲಲ್ಲ, ಅದಕ್ಕೆ ಎರಡು ತಿಂಗಳಿಗೊಮ್ಮೆ ತೆಗೆದು ಕೊಡವಿ ಬಿಸಿಲಿಗೆ ಹಾಕ್ಬೇಕು.

ಕೆನಡಾದಲ್ಲಿರೋ ಚಿಕ್ಕಮ್ಮನ ಮಗಳಿಗೆ ಅಂಚೇಲಿ ಕಳಿಸಿದ್ದಕ್ಕೆ ಕಾಗದ ಪತ್ರ ಬೇಕಾಯ್ತು. ಗುರುತಿನ ಚೀಟಿ ಜೆರಾಕ್ಸ್, ಒಳಗೆ ಏನೇನಿದೆ, ತೂಕ, ಬೆಲೆ ಎಲ್ಲಾ ಬರೆದ ಸಿಎನ್ 23 ಕಸ್ಟಮ್ಸ್ ಫಾರ್ಮು. ಬಳಸಿದ ಬಟ್ಟೆ, ಗಿಫ್ಟ್ ಅಂತ ಸ್ಪಷ್ಟವಾಗಿ ಬರೀರಿ, ಡಬ್ಬ ಮನೇಲೇ ಟೇಪ್ ಸುತ್ತಿ ಮುಚ್ಕೊಂಡು ಹೋಗ್ಬೇಡಿ, ಕೌಂಟರಲ್ಲಿ ತೆಗೆದು ನೋಡ್ತಾರೆ. ಸ್ವೆಟರ್‌ಗಿಂತ ಕಳಿಸೋ ಖರ್ಚೇ ಜಾಸ್ತಿ ಆಯ್ತು, ಅವಳು ಬೇಕು ಅಂತ ಕೇಳಿದ್ಲು, ಅದಕ್ಕೆ ಕಳಿಸಿದ್ವಿ.

ಯಾರಾದ್ರೂ ಶುರು ಮಾಡೋದಿದ್ರೆ ಮಳೆ ನಿಂತ ತಕ್ಷಣ ಮಾಡಿ, ಕೊಡೋದನ್ನ ನವೆಂಬರ್ ಒಳಗೆ ಕೊಟ್ಟು ಮುಗಿಸಿ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತಲ್ಲ, ಆಮೇಲೆ ತಗೊಂಡು ಹೋದ್ರೆ ಯಾರಿಗೂ ಬೇಡ, ಇಡೋಕೂ ಜಾಗ ಇರಲ್ಲ ಅವರಿಗೆ. ನಮ್ಮ ಕೊನೇ ಬ್ಯಾಚು ಫ್ರೀಜರಿಂದ ಆಚೆ ಬರೋ ಹೊತ್ತಿಗೆ ಅದೇ ಆಯ್ತು, ಆ ನಾಲ್ಕು ಸ್ವೆಟರ್ ಮುಂದಿನ ವರ್ಷಕ್ಕೆ ಲೇಬಲ್ ಹೊಲಿದು ಕಾಯ್ತಿವೆ. ಕೆನಡಾದ ಪಾರ್ಸೆಲ್ ಮೊನ್ನೆ ತಲುಪಿದೆ. ತೋಳು ಒಂದಿಂಚು ಉದ್ದ ಇದೆ ದೊಡ್ಡಮ್ಮ ಅಂತ ವಿಡಿಯೋ ಕಾಲಲ್ಲಿ ತೋರಿಸಿದ್ಲು, ಅಮ್ಮ ಕನ್ನಡಕ ಹಾಕ್ಕೊಂಡು ನೋಡಿ ಕಫ್ ಎಲ್ಲಿ ಬಿಚ್ಚಿ ಎಷ್ಟನೇ ಸಾಲಿಂದ ಮತ್ತೆ ಮುಗಿಸ್ಬೇಕು ಅಂತ ಅಲ್ಲೇ ಹೇಳಿಕೊಟ್ರು, 12 ನಂಬರ್ ಕಡ್ಡಿ ತಗೋ ಅಂತ ಎರಡು ಸಲ ಹೇಳಿದ್ರು.